ಮಗಳಿಗೊಂದು ಪತ್ರ: ನಿನ್ನ ನಕ್ಷೆಯಲ್ಲಿ ಅಜ್ಜಿಯೂ ಇರಲಿ

ಮಗಳೇ,

"ಕಟ್ಟಡ ವಿನ್ಯಾಸ, ಬಿ.ಆರ್ಕ್ ಅಂತ ಐದು ವರ್ಷ ಓದಿದ್ದಾಯ್ತು, ಈಗ ಮತ್ತೆ ಅರ್ಬನ್ ಡಿಸೈನಾ?" ಎಂದು ನಿನ್ನ ಮಾವ ಕೇಳಿದ. ಊರು ರೂಪಿಸೋ ಕೆಲಸ ಅಂದೆ. "ಬೀದರ್ ಆಗಲೇ ಇದೆಯಲ್ಲ" ಎಂದು ನಕ್ಕ.

ಅವನು ನಿನ್ನ ಅಜ್ಜಿಯ ಜೊತೆ ಒಮ್ಮೆ ಮಾರ್ಕೆಟ್‌ಗೆ ಹೋಗಿ ಬರಬೇಕು. ಫುಟ್‌ಪಾತ್ ಮೊಣಕಾಲೆತ್ತರ. ಅಜ್ಜಿ ಮೊದಲು ಕೋಲು ಮೇಲಿಡುತ್ತಾಳೆ, ಅಂಗಡಿಯ ಶಟರ್ ಹಿಡಿಯುತ್ತಾಳೆ, ಆಮೇಲೆ ಕಾಲೆತ್ತುತ್ತಾಳೆ. ನಾಲ್ಕು ಹೆಜ್ಜೆ ಹೋದರೆ ಟ್ರಾನ್ಸ್‌ಫಾರ್ಮರ್. ಮತ್ತೆ ಇಳಿ. ಈಗ ಸುಮ್ನೆ ರಸ್ತೆಯಲ್ಲೇ ನಡೆಯುತ್ತಾಳೆ, ಆಟೋದವರ ಬೈಗುಳ ಕೇಳಿಕೊಂಡು. ಎತ್ತರ 15 ಸೆಂಟಿಮೀಟರ್ ದಾಟಬಾರದು, ನಡೆಯೋಕೆ 1.8 ಮೀಟರ್ ಜಾಗ ಖಾಲಿ ಬಿಡಬೇಕು ಅಂತ ರಸ್ತೆಗಳಿಗೆ ಮಾನದಂಡ ಹಾಕುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದೆ ಅಂದೆಯಲ್ಲ, ಅಂದಿನಿಂದ ಎಲ್ಲಿ ಹೋದರೂ ಕಣ್ಣಲ್ಲೇ ಅಳೆಯುತ್ತೇನೆ!

ನಮ್ಮ ಬೀದರ್‌ನ ನೌಬಾದ್‌ನಲ್ಲಿರೋ ಸುರಂಗ ಬಾವಿ ನೆನಪಿದೆಯಾ? ಬಹಮನಿ ಸುಲ್ತಾನರ ಕಾಲದ ಕರೇಜ್. ಮೇಲೆ ನೀರು ಹೀರುವ ಕೆಂಪು ಕಲ್ಲು, ಕೆಳಗೆ ಅದನ್ನು ತಡೆಯುವ ಕರಿ ಕಲ್ಲು. ನಡುವೆ ಸಿಕ್ಕ ನೀರಿಗೆ ತುಸು ಇಳಿಜಾರಾಗಿ ಸುರಂಗ ಕೊರೆದರು, ಗಾಳಿ ಬೆಳಕಿಗೆ ಅಲ್ಲಲ್ಲಿ ಬಾವಿ ತೋಡಿದರು. ಪಂಪಿಲ್ಲ, ಕರೆಂಟಿಲ್ಲ, ನೀರು ತಾನೇ ಹರಿದು ಬರುತ್ತಿತ್ತು. ನಾವೋ ಆ ಕೆಂಪು ನೆಲಕ್ಕೆ ಅಂಗಳದ ತನಕ ಕಾಂಕ್ರೀಟ್ ಬಳಿದೆವು. ಜೋರು ಮಳೆ ಬಂದರೆ ಬೀದಿ ತುಂಬ ನೀರು, ಬೇಸಿಗೆಯಲ್ಲಿ ಬೋರ್‌ವೆಲ್ ಖಾಲಿ. ಹೊಸ ಲೇಔಟ್ ಗೆರೆ ಎಳೆಯುವ ಮುಂಚೆ ಮಳೆ ಎಲ್ಲಿ ಇಂಗುತ್ತದೆ ಅಂತ ನೋಡುವವರು ಬೇಕಲ್ವಾ?

ಇನ್ನು ಸಂಬಳ. ಮನೆ ಕಟ್ಟಿಸಿಕೊಡುವವರಷ್ಟು ಬೇಗ ದುಡ್ಡು ಬರಲಿಕ್ಕಿಲ್ಲ. ವರದಿ ಬರೆದುಕೊಟ್ಟರೆ ಕಪಾಟಿನಲ್ಲಿ ಕೂತೀತು. ಗೊತ್ತಿದ್ದೇ ಹೋಗು.

ಒಂದು ತಕರಾರಿದೆ. ನೀವು ಕಂಪ್ಯೂಟರ್‌ನಲ್ಲಿ ಮಾಡುವ ಚಿತ್ರಗಳಲ್ಲಿ ಯಾವಾಗಲೂ ತಂಪು ಸಂಜೆ. ಎಲ್ಲರೂ ಹರೆಯದವರು, ಯಾರೂ ಏನೂ ಮಾರುತ್ತಿರುವುದಿಲ್ಲ. ನಿನ್ನ ಚಿತ್ರದಲ್ಲಿ ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆ ಇರಲಿ. ಬುಟ್ಟಿ ಇಟ್ಟುಕೊಂಡು ಕೂತ ಸೌತೆಕಾಯಿಯವಳು ಇರಲಿ, ಅವಳಿಗೆ ಬೇವಿನ ನೆರಳು, ಹತ್ತಿರದಲ್ಲೇ ಶೌಚಾಲಯ. ವೀಲ್‌ಚೇರ್ ಹುಡುಗ, ಕೋಲು ಹಿಡಿದ ಅಜ್ಜಿ ಇರಲಿ. ಗೆರೆ ಹಾಕುವ ಮುಂಚೆ ಅವರನ್ನೇ ಕೇಳು. ನಿಮ್ಮ ಸರ್‌ಗಳಿಗಿಂತ ಜಾಸ್ತಿ ತಪ್ಪು ಹುಡುಕಿ ಕೊಡುತ್ತಾರೆ.

ಅರ್ಜಿ ಹಾಕಿಬಿಡು. ಅಪ್ಪನ ಹತ್ತಿರ ಫೀಸಿನ ಮಾತು ನಾನೇ ಎತ್ತುತ್ತೇನೆ, ಊಟ ಆದ ಮೇಲೆ.

ನಿನ್ನ ಅಮ್ಮ
ಬೀದರ್