ಶಟರ್ ಅರ್ಧ ಇಳಿದ ಮೇಲೂ ಗಿರಾಕಿ

ಸಂಪಾದಕರೇ,

ಮುಂಬೈಯ ಘಾಟ್ಕೋಪರ್‌ನ ಸೀರೆ ಅಂಗಡಿಯೊಂದರಲ್ಲಿ ನಾವು ಇಪ್ಪತ್ತೈದು ಜನ ಕೆಲಸಕ್ಕಿದ್ದೇವೆ. ರಾತ್ರಿ 10ಕ್ಕೆ ಬಂದ್ ಅಂತ ಬೋರ್ಡಿದೆ. ಆದರೆ 9.55ಕ್ಕೆ ಒಂದು ಸಂಸಾರ ಒಳಗೆ ಬಂದು, ಹತ್ತಾರು ಸೀರೆ ಬಿಚ್ಚಿಸಿ, ‘ಸುಮ್ನೆ ನೋಡೋಕೆ ಬಂದ್ವಿ’ ಎಂದು ಹೊರಟರೆ, ಅವನ್ನೆಲ್ಲ ಮಡಚಿ, ಗಲ್ಲಾಪೆಟ್ಟಿಗೆಯ ಲೆಕ್ಕ ಕೂಡಿಸಿ, ಕಸ ಗುಡಿಸಿ ಶಟರ್ ಎಳೆಯುವಾಗ 11 ದಾಟಿರುತ್ತದೆ. ಲೋಕಲ್ ಹಿಡಿದು ಡೊಂಬಿವಲಿ ಸೇರುವಾಗ ಮಗಳು ಮಲಗಿರುತ್ತಾಳೆ.

ಗಿರಾಕಿಗಳ ಮೇಲೆ ಸಿಟ್ಟಿಲ್ಲ (ಸ್ವಲ್ಪ ಇದೆ). ಮಹಾರಾಷ್ಟ್ರದ 2017ರ ಅಂಗಡಿ-ಸಂಸ್ಥೆಗಳ ಕಾಯ್ದೆ ಪ್ರಕಾರ ಅಂಗಡಿಯನ್ನು 24 ಗಂಟೆಯೂ ತೆರೆದಿಡಬಹುದು, ಅದು ನಮ್ಮ ಮಾಲೀಕರಿಗೆ ಬಾಯಿಪಾಠ. ಓವರ್‌ಟೈಮ್‌ಗೆ ದುಪ್ಪಟ್ಟು ಸಂಬಳ ಅಂತ ಅದೇ ಕಾಯ್ದೆ ಹೇಳುತ್ತದೆ, ಅದು ಮಾತ್ರ ನೆನಪಿಲ್ಲ! ಲೇಬರ್ ಇನ್‌ಸ್ಪೆಕ್ಟರ್ ಒಮ್ಮೆ 11ಕ್ಕೆ ಬಂದು ನೋಡಬಾರದಾ?

– ಒಬ್ಬ ಸೇಲ್ಸ್‌ಮನ್, ಡೊಂಬಿವಲಿ