ಯಾವ ವಿಲ್ಮಿಂಗ್ಟನ್, ಸ್ವಾಮಿ?

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ನಮ್ಮ ವಿಲ್ಮಿಂಗ್ಟನ್ ಬಗ್ಗೆ ನೀವು ಹಾಕಿದ ‘ಕೊಲೆಗಳ ಊರು’ ವರದಿ ಓದಿದೆ. ಹುಡುಕಿ ಓದುವ ಕಷ್ಟ ನನಗಿರಲಿಲ್ಲ. ಇಡೀ ಬಂಧುಬಳಗ ಅದರ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿತ್ತು. ನಿಮ್ಮಲ್ಲಿ ಪೇಪರ್ ಓದಿ ತಿಂಡಿ ಮುಗಿಸುವ ಹೊತ್ತು ನಮ್ಮಲ್ಲಿ ನಡುರಾತ್ರಿ. ಫೋನ್ ಮೇಲೆ ಫೋನ್. “ಹುಷಾರಾಗಿದ್ದೀಯೇನೇ, ಬಾಗಿಲು ಹಾಕ್ಕೊಂಡಿದ್ದೀಯಾ?” ಅಂತ ಶಿವಮೊಗ್ಗದ ದೊಡ್ಡಮ್ಮ. ಹಾಕಿಕೊಂಡೇ ಮಲಗಿದ್ದೆ. ಎಬ್ಬಿಸಿದ್ದು ನಿಮ್ಮ ವರದಿ.

ಮೊದಲು ವರದಿಯ ಜೊತೆ ಹಾಕಿದ ಚಿತ್ರದ ವಿಷಯ. ನದಿಯಲ್ಲಿ ದೊಡ್ಡ ಯುದ್ಧನೌಕೆ ನಿಂತಿದೆಯಲ್ಲ, ಅದು ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್. ನೀವು ಬರೆದಿರುವುದು, ನಾವು ಬಾಡಿಗೆ ಕಟ್ಟಿಕೊಂಡು ಇರುವುದು, ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್. ಎರಡರ ನಡುವೆ ಎರಡು ಮೂರು ರಾಜ್ಯ ದಾಟಬೇಕು. ನಮ್ಮ ಮಾವನವರು ನಿಜವಾಗಲೂ ಕೇಳಿದರು: “ಕೊಲೆ ತಡೆಯೋಕೆ ಹಡಗನ್ನೇ ತಂದು ನಿಲ್ಲಿಸಿದ್ದಾರೇನಮ್ಮಾ?” ಏನು ಹೇಳಲಿ?

ಅತ್ತೆ-ಮಾವ ಬೇಸಿಗೆಗೆ ಬರಬೇಕಿತ್ತು. ಈಗ ಬರುವುದಿಲ್ಲವಂತೆ. ಟಿಕೆಟ್ ದುಡ್ಡು ವಾಪಸ್ ಬರುವುದಿಲ್ಲ, ಅದು ಬೇರೆ. ಇಲ್ಲೇ ಇರುವ ಮೈದುನನಿಗೆ ದಾವಣಗೆರೆಯ ಒಂದು ಸಂಬಂಧ ಹೆಚ್ಚುಕಮ್ಮಿ ಕೂಡಿ ಬಂದಿತ್ತು. ಹುಡುಗಿ ಮನೆಯವರು “ಊರು ಸರಿ ಇಲ್ಲವಂತೆ, ಯೋಚನೆ ಮಾಡಿ ಹೇಳ್ತೀವಿ” ಅಂದರು. ಅದರ ಅರ್ಥ ನಿಮಗೂ ಗೊತ್ತು. ಹುಡುಗ ಕೆಲಸ ಮಾಡುವುದು ಬ್ಯಾಂಕಿನಲ್ಲಿ ಸ್ವಾಮಿ, ಗ್ಯಾಂಗಿನಲ್ಲಲ್ಲ.

ಇನ್ನು ನೀವು ಕೊಟ್ಟ ಲೆಕ್ಕ. ‘ಮರ್ಡರ್ ಟೌನ್’ ಅನ್ನುವ ಹೆಸರನ್ನು ಈ ಊರಿಗೆ ಅಂಟಿಸಿದ್ದು ನ್ಯೂಸ್‌ವೀಕ್ ಪತ್ರಿಕೆ, 2014ರ ಡಿಸೆಂಬರ್‌ನಲ್ಲಿ. ಅದೇ ಹಳೆ ಸರಕನ್ನು ಬಿಸಿ ಮಾಡಿ ಬಡಿಸಿ, ಕೆಳಗೆ ‘ಅಪರಾಧ ಏರುತ್ತಲೇ ಇದೆ’ ಅಂತ ಒಂದು ಸಾಲು. ಏರುತ್ತಲೇ ಇದೆಯಾ? ಇಲ್ಲಿ ಅತಿ ಜಾಸ್ತಿ ಕೊಲೆ ಆಗಿದ್ದು 2021ರಲ್ಲಿ, 39. ಮರುವರ್ಷ ಅದರ ಅರ್ಧಕ್ಕಿಂತ ಕೆಳಗೆ ಬಂತು. ಏರಿದ್ದನ್ನೂ ಬರೆಯಿರಿ, ಇಳಿದದ್ದನ್ನೂ ಬರೆಯಿರಿ.

ಊರು ಸಾಧು ಅಂತ ನಾನು ಹೇಳುತ್ತಿಲ್ಲ. ಎಪ್ಪತ್ತು ಸಾವಿರ ಜನರ ಊರಲ್ಲಿ 39 ಕೊಲೆ ಅಂದರೆ ಲಕ್ಷಕ್ಕೆ ಐವತ್ತು ದಾಟುತ್ತದೆ. ನಮ್ಮ ಭಾರತದ ಸರಾಸರಿ ಲಕ್ಷಕ್ಕೆ ಎರಡು-ಮೂರು. ಆದರೆ ಸಣ್ಣ ಊರಿನ ಲೆಕ್ಕ ಹೀಗೇ, ಹತ್ತು ಕೊಲೆ ಹೆಚ್ಚಾದರೂ ಕಡಿಮೆಯಾದರೂ ಸರಾಸರಿ ಕುಣಿದಾಡುತ್ತದೆ. ಅದೂ ಅಲ್ಲದೆ ನಗರದ ಗಡಿ ಅಂಗೈ ಅಗಲ. ಸುತ್ತಲಿನ ಶ್ರೀಮಂತ ಬಡಾವಣೆಗಳು ಗಡಿಯ ಆಚೆಗಿವೆ, ಅವರ ತಲೆಗಳು ಲೆಕ್ಕಕ್ಕೆ ಸೇರುವುದಿಲ್ಲ. ಗುಂಡು ಹಾರುವುದೂ ಹೆಚ್ಚಾಗಿ ಹಿಲ್‌ಟಾಪ್, ರಿವರ್‌ಸೈಡ್ ಥರದ ಬಡಾವಣೆಗಳ ಕೆಲವೇ ಬೀದಿಗಳಲ್ಲಿ. ಸಾಯುವವರು ಅಲ್ಲಿಯ ಬಡ ಕಪ್ಪು ಹುಡುಗರು. ಹತ್ತಿರದ ಹೋಕೆಸಿನ್ ಊರಿನ ದೇವಸ್ಥಾನದಲ್ಲಿ ಪ್ರಸಾದ ತಿಂದು ಮನೆಗೆ ಬರುವ ನಮ್ಮಂಥವರಿಗೆ ಏನೂ ಆಗುವುದಿಲ್ಲ. ನಿಮ್ಮ ವರದಿಯಲ್ಲಿ ಆ ಹುಡುಗರ ಬಗ್ಗೆ ಒಂದು ಸಾಲೂ ಇಲ್ಲ, ‘ಅನಿವಾಸಿ ಕನ್ನಡಿಗರಲ್ಲಿ ಆತಂಕ’ ಮಾತ್ರ ಇದೆ! ಆತಂಕ ತಂದವರು ಯಾರು?

ಇಲ್ಲಿನ ಆಡಳಿತದವರೂ ಕಡಿಮೆಯೇನಲ್ಲ. ಅರವತ್ತರ ದಶಕದಲ್ಲಿ ಐ-95 ಹೆದ್ದಾರಿಯನ್ನು ಊರಿನ ಹೊಟ್ಟೆ ಸೀಳಿ ಎಳೆದರು. ಸಾಲುಸಾಲು ಮನೆ ಹೋದವು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮೇಲೆ ಗಲಭೆ ಆಯಿತು ಅಂತ ಕರೆಸಿದ ನ್ಯಾಷನಲ್ ಗಾರ್ಡ್ ಸೈನಿಕರನ್ನು ಆಗಿನ ಗವರ್ನರ್ ಒಂಬತ್ತು ತಿಂಗಳು ಬೀದಿಯಲ್ಲೇ ಇಟ್ಟುಕೊಂಡರು. ಹೊಸ ಗವರ್ನರ್ ಬಂದ ಮೇಲೆ, 1969ರ ಜನವರಿಯಲ್ಲಿ, ಸೈನಿಕರು ವಾಪಸ್ ಹೋದರು. ರೋಗರುಜಿನ ನೋಡಿಕೊಳ್ಳುವ ಸಿಡಿಸಿ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯವರನ್ನೇ ಕರೆಸಿ ಬಂದೂಕಿನ ಅಪರಾಧದ ಅಧ್ಯಯನ ಮಾಡಿಸಿದರು. 2015ರಲ್ಲಿ ವರದಿ ಬಂತು: ಬಂದೂಕು ಹಿಡಿದು ಸಿಕ್ಕಿಬಿದ್ದವರಲ್ಲಿ ಎಷ್ಟೋ ಜನ ಮೊದಲೇ ಆಸ್ಪತ್ರೆ, ಶಾಲೆ, ಮಕ್ಕಳ ಇಲಾಖೆಗಳ ಕಣ್ಣಿಗೆ ಬಿದ್ದವರು, ಆಗಲೇ ಕೈ ಹಿಡಿಯಬಹುದಿತ್ತು ಅಂತ. ವರದಿ ಚೆನ್ನಾಗಿದೆ. ವರದಿಗಳು ಎಲ್ಲ ಊರಲ್ಲೂ ಚೆನ್ನಾಗಿಯೇ ಇರುತ್ತವೆ, ಅಲ್ವಾ?

ಪಾರ್ಕಿಂಗ್ ದಂಡದಲ್ಲಿ ಮಾತ್ರ ನಗರಸಭೆ ಬಲು ಚುರುಕು. ಕೆಲವು ನೂರು ಡಾಲರ್ ಬಾಕಿಗೆ ಕಾರನ್ನೇ ಎಳೆದುಕೊಂಡು ಹೋಗಿ ಗುಜರಿಗೆ ಹಾಕಿದರು ಅಂತ 2021ರಲ್ಲಿ ಜನ ಕೋರ್ಟ್ ಮೆಟ್ಟಿಲು ಹತ್ತಿದರು. ಆರೆಂಜ್ ಸ್ಟ್ರೀಟಿನಲ್ಲಿ ಒಂದು ಪುಟ್ಟ ಕಟ್ಟಡ ಇದೆ. ಎರಡೂವರೆ ಲಕ್ಷಕ್ಕೂ ಜಾಸ್ತಿ ಕಂಪನಿಗಳಿಗೆ ಕಾಗದದ ಮೇಲೆ ಅದೇ ವಿಳಾಸ. ಅಷ್ಟು ಕಂಪನಿ ಇರುವ ಊರಲ್ಲಿ ಹಿಲ್‌ಟಾಪ್ ಹುಡುಗನಿಗೆ ಒಂದು ಕೆಲಸ ಇಲ್ಲ. ರೈಲ್ವೆ ಸ್ಟೇಷನ್‌ಗೆ ಬೈಡನ್ ಹೆಸರಿಟ್ಟಿದ್ದಾರೆ, ಸಂತೋಷ. ಎಂಟು ವರ್ಷ ಗವರ್ನರ್ ಆಗಿದ್ದ ಜಾನ್ ಕಾರ್ನಿ 2025ರಿಂದ ಮೇಯರ್. ಊರಿನ ಕಷ್ಟ ಈಗ ಹೊಸದಾಗಿ ತಿಳಿಯಬೇಕಾಗಿಲ್ಲ.

ದಯವಿಟ್ಟು ತಿದ್ದುಪಡಿ ಹಾಕಿ. ಮೂಲೆಯಲ್ಲಿ ಸಾಸಿವೆ ಅಕ್ಷರದಲ್ಲಿ ಬೇಡ, ವರದಿ ಬಂದ ಜಾಗದಲ್ಲೇ, ಸರಿಯಾದ ಊರಿನ ಚಿತ್ರದ ಜೊತೆ. ದಾವಣಗೆರೆ ಆವೃತ್ತಿಯಲ್ಲಂತೂ ಬರಲೇಬೇಕು. ಇಲ್ಲಿನ ಮೇಯರ್, ಕೌನ್ಸಿಲ್, ಪೊಲೀಸರು ಎಲ್ಲರೂ ಸೇರಿ ಆ ನಾಲ್ಕು ಬೀದಿಗಳಿಗೆ ಏನಾದರೂ ಮಾಡಲಿ. ಅವರು ಕನ್ನಡ ಪೇಪರ್ ಓದುವುದಿಲ್ಲ ಅಂತ ನನಗೂ ಗೊತ್ತು. ನೀವು ಓದುತ್ತೀರಲ್ಲ? ಮುಂದಿನ ಸಲ ಸುಮ್ನೆ ನೆಟ್ಟಿನಿಂದ ಎತ್ತಿ ಹಾಕುವ ಮೊದಲು ಒಂದು ಭೂಪಟವನ್ನಾದರೂ ನೋಡಿ.

— ನಿಮ್ಮ ಹಳೆಯ ಓದುಗಿ, ವಿಲ್ಮಿಂಗ್ಟನ್ (ಡೆಲವೇರ್)