ಭಾನುವಾರದ ರಕ್ತದಾನ: ಓದಿ, ಉತ್ತರ ಹಾಕಿ

ಎಲ್ಲರಿಗೂ ನಮಸ್ಕಾರ.

ಬೇಸಿಗೆಯಲ್ಲಿ ಕಾಲೇಜಿಗೆ ರಜೆ, ಕ್ಯಾಂಪ್‌ಗಳು ಕಮ್ಮಿ. ರಕ್ತನಿಧಿಯ ಫ್ರಿಡ್ಜ್ ಖಾಲಿಯಾಗುವುದು ಆಗಲೇ. ಹಾಗಾಗಿ ಈ ಭಾನುವಾರ ಬೆಳಿಗ್ಗೆ 9ರಿಂದ 1ರವರೆಗೆ ತುಮಕೂರಿನ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಕ್ಯಾಂಪ್ ಇದೆ. ಗುಬ್ಬಿ, ಶಿರಾ ಕಡೆಯವರೂ ಬನ್ನಿ.

"ಒಂದೇ ಸಲ ನೂರು ಜನ ಕೊಟ್ಟರೆ ಸಾಲದಾ?" ಎಂದು ಹೋದ ಸಲ ಯಾರೋ ಕೇಳಿದ್ದರು. ಸಾಲದು. ತೆಗೆದಿಟ್ಟ ಕೆಂಪು ರಕ್ತಕಣ ಹೆಚ್ಚೆಂದರೆ 42 ದಿನ ಇರುತ್ತದೆ, ಪ್ಲೇಟ್‌ಲೆಟ್ 5 ದಿನ ಅಷ್ಟೇ. ಡೆಂಗಿ ಸಮಯದಲ್ಲಿ ಪರದಾಡುವುದು ಇದಕ್ಕೇ. ಕೊರತೆ ಬಂದರೆ ಆಸ್ಪತ್ರೆಯವರು ಕಾಯಬಹುದಾದ ಆಪರೇಷನ್ ಮುಂದಕ್ಕೆ ಹಾಕುತ್ತಾರೆ, ಬೇರೆ ರಕ್ತನಿಧಿಯಿಂದ ತರಿಸುತ್ತಾರೆ, ತುರ್ತಿನಲ್ಲಿ ಯಾವ ಗುಂಪಿನವರಿಗೂ ಕೊಡಬಹುದಾದ ಒ ನೆಗೆಟಿವ್ ರಕ್ತವನ್ನು ಎತ್ತಿಡುತ್ತಾರೆ. ಆದರೆ ಹೆರಿಗೆಯಲ್ಲಿ ರಕ್ತ ಹೋಗುತ್ತಿದ್ದರೆ ಯಾವುದನ್ನೂ ಮುಂದಕ್ಕೆ ಹಾಕಲು ಆಗುವುದಿಲ್ಲ, ಅಲ್ವಾ?

ವಯಸ್ಸು 18ರಿಂದ 65 (ಮೊದಲ ಸಲ ಕೊಡುವವರಿಗೆ 60ರವರೆಗೆ), ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು. ಅದನ್ನು ಅಲ್ಲೇ ನೋಡುತ್ತಾರೆ. ಹಿಂದೆ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು. ಜ್ವರ ಇದ್ದರೆ, ಆಂಟಿಬಯಾಟಿಕ್ ತಗೊಳ್ಳುತ್ತಿದ್ದರೆ ಈ ಸಲ ಬೇಡ. ತಿಂಡಿ ತಿಂದೇ ಬನ್ನಿ. ಖಾಲಿ ಹೊಟ್ಟೆಯಲ್ಲಿ ಬಂದು ತಲೆ ಸುತ್ತಿ ಕೂತವನು ನಾನೇ!

ಒ ನೆಗೆಟಿವ್ ಇರುವ ನಮ್ಮ ಸದಸ್ಯರೆಲ್ಲ ಒಟ್ಟಿಗೇ ಕೊಡಬೇಡಿ. ಇಬ್ಬರು ಬಂದರೆ ಸಾಕು. ಉಳಿದವರು ತುರ್ತು ಕರೆಗೆ ತಯಾರಿರಿ.

ಶುಕ್ರವಾರ ರಾತ್ರಿಯೊಳಗೆ ಹೆಸರು, ರಕ್ತದ ಗುಂಪು, ಹಿಂದೆ ಯಾವ ತಿಂಗಳು ಕೊಟ್ಟಿದ್ದಿರಿ ಎಂದು ಇಲ್ಲೇ ಬರೆಯಿರಿ. ಸುಮ್ನೆ ಹೆಬ್ಬೆಟ್ಟು ಇಮೋಜಿ ಹಾಕಿದರೆ ಲೆಕ್ಕಕ್ಕಿಲ್ಲ.